ಬಾಯ್ಲರ್ ಮೇಲಿನ ಕೆಂಪು ಗಂಟು

2006ನೇ ಇಸವಿಯ ನವೆಂಬರ್ ತಿಂಗಳು. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಬೆಂಗಳೂರು–ಮೈಸೂರು ರಸ್ತೆಯಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಕಡೆಗೆ ತಿರುಗುವ ಜಾಗದಲ್ಲಿದ್ದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಾನು ಡಿಸೈನರ್ ಆಗಿದ್ದೆ. ಮಾಲೀಕರು ಇರುತ್ತಿದ್ದುದು ಬೆಂಗಳೂರಿನಲ್ಲಿ. ಫೋಟೋ ತೆಗೆಯುವುದು, ಅದನ್ನು ಕಂಪ್ಯೂಟರಿನಲ್ಲಿ ತಿದ್ದುವುದು, ಹತ್ತಡಿ ಅಗಲದ ಮೆಷಿನ್ನಿಗೆ ಫೈಲ್ ಕೊಡುವುದು, ಬಂದವರ ಜೊತೆ ಜಗಳ ಕಾಯುವುದು, ಎಲ್ಲ ನನ್ನದೇ. ಹದಿನೆಂಟು ವರ್ಷ ಈ ಕೆಲಸ ಮಾಡಿ, ಕಣ್ಣು ಕೈಕೊಟ್ಟ ಮೇಲೆ ಬಿಟ್ಟೆ. ಅಷ್ಟೂ ವರ್ಷಗಳಲ್ಲಿ ಪೂರ್ತಿ ತಯಾರು ಮಾಡಿಯೂ ನಾನು ಮುದ್ರಿಸದೆ ಬಿಟ್ಟ ಫ್ಲೆಕ್ಸ್ ಒಂದೇ ಒಂದು. ಅದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಅಳಿಸುವುದೇ. ಹುಟ್ಟುಹಬ್ಬದ ಫ್ಲೆಕ್ಸ್ ಹಾಕಿಸಿಕೊಳ್ಳುವ ಮರಿ ನಾಯಕರು ಯಾರದೋ ಮದುವೆಯಲ್ಲಿ ನಿಂತು ತೆಗೆಸಿಕೊಂಡ ಫೋಟೋ ತಂದು ಕೊಡುತ್ತಿದ್ದರು. ಪಕ್ಕದಲ್ಲಿರುವ ಭಾವಮೈದುನನನ್ನು ತೆಗಿ, ಹಿಂದಿನ ಬಾಳೆಕಂಬ ತೆಗಿ, ಗಲ್ಲದ ಕೆಳಗಿನ ಎರಡನೇ ಗಲ್ಲ ತೆಗಿ. ಇಷ್ಟೆಲ್ಲ ತೆಗೆದ ಮೇಲೆ ನೆತ್ತಿಗೆ ಮಾತ್ರ ಕೂದಲು ಸೇರಿಸಬೇಕು. ಅಳಿಸಲು ಕಂಪ್ಯೂಟರಿನಲ್ಲಿ ಕ್ಲೋನ್ ಬ್ರಷ್ ಅಂತ ಒಂದು ಇರುತ್ತದೆ. ಗೋಡೆಯ ಮೇಲಿನ ಕಲೆ ಹೋಗಬೇಕೆಂದರೆ ಪಕ್ಕದ ಗೋಡೆಯನ್ನೇ ಸ್ವಲ್ಪ ತಂದು ಅದರ ಮೇಲೆ ಬಳಿಯುವುದು. ಕಲೆಯ ಹಿಂದೆ ಏನಿದ್ದಿರಬಹುದು ಅಂತ ಊಹಿಸಿ ನಾವೇ ಬರೆದುಬಿಡುವುದು. ನನ್ನ ಕೈಗೆ ಸಿಕ್ಕಿದ ಕಲೆ ಗುರುತು ಸಿಗದಂತೆ ಹೋಗುತ್ತಿತ್ತು, ಆ ಜಂಬ ನನಗೆ ಚೆನ್ನಾಗಿಯೇ ಇತ್ತು.

ನನ್ನ ಅಕ್ಕ ಭಾಗ್ಯ ಹಾರೋಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಆಗ ಅಲ್ಲಿ ತಿಂಗಳಿಗೊಂದು ಹೊಸ ಶೆಡ್ ಏಳುತ್ತಿತ್ತು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳೆಲ್ಲ ಊಟದ ಡಬ್ಬಿ ಹಿಡಿದು ಬೆಳಗಿನ ಬಸ್ಸು ಹತ್ತುತ್ತಿದ್ದರು. ಆ ಕಾರ್ಖಾನೆಗೆ ಹೊರದೇಶದ ವ್ಯಾಪಾರಿಗಳು ಬರುವವರಿದ್ದರು. ಅಷ್ಟರೊಳಗೆ ಮುಂದಿನ ಗೋಡೆಗೆ ಎಲ್ಲ ಕೆಲಸಗಾರರೂ ಇರುವ ಒಂದು ದೊಡ್ಡ ಫೋಟೋ ಹಾಕಬೇಕೆಂದು ಅಲ್ಲಿನ ಮ್ಯಾನೇಜರ್ ಪ್ರಭಾಕರ್ ಅವರು ಅಕ್ಕನ ಕೈಲಿ ಹೇಳಿಕಳಿಸಿದರು. ನಲವತ್ತು ಅಡಿ ಅಗಲ, ಹದಿನಾಲ್ಕು ಅಡಿ ಎತ್ತರ. ನೂರ ನಲವತ್ತು ಜನರ ಮುಖವೂ ಗುರುತು ಸಿಗಬೇಕು. ಅಷ್ಟು ದೊಡ್ಡದನ್ನು ನಾನು ಅದುವರೆಗೆ ಮಾಡಿರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ನಮ್ಮ ಅಂಗಡಿಯಲ್ಲಿದ್ದುದು ಐದು ಮೆಗಾಪಿಕ್ಸೆಲ್ ಕ್ಯಾಮೆರಾ. ಅದರ ಫೋಟೋ ಅಡ್ಡಕ್ಕೆ 2592 ಚುಕ್ಕಿ, ಉದ್ದಕ್ಕೆ 1944 ಚುಕ್ಕಿ. ಈ ಚುಕ್ಕಿಯೇ ಪಿಕ್ಸೆಲ್. ನಲವತ್ತು ಅಡಿ ಎಂದರೆ 480 ಇಂಚು. ಒಂದೇ ಫೋಟೋವನ್ನು ಅಷ್ಟು ಅಗಲಕ್ಕೆ ಎಳೆದರೆ ಇಂಚಿಗೆ ಐದು ಚುಕ್ಕಿ ಬೀಳುತ್ತದೆ, ಒಂದೊಂದೂ ಹುರುಳಿ ಕಾಳಿನಷ್ಟು. ಮುಖಗಳೆಲ್ಲ ಹುರುಳಿ ಹರವಿದ ಹಾಗೆ ಕಾಣುತ್ತವೆ. ಅದಕ್ಕೆ ನಾನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಉದ್ದುದ್ದ ಫೋಟೋ ಬರುವಂತೆ ನಿಲ್ಲಿಸಿ, ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಐದು ಫೋಟೋ ತೆಗೆದು, ಒಂದರ ಅಂಚಿನ ಮೇಲೆ ಇನ್ನೊಂದನ್ನು ಕೂರಿಸಿ ಹೊಲಿದೆ. ಆಗ ಅಗಲ ಏಳು ಸಾವಿರ ಚುಕ್ಕಿ ದಾಟುತ್ತದೆ, ಇಂಚಿಗೆ ಸುಮಾರು ಹದಿನೈದು. ಹುರುಳಿ ಹೋಗಿ ರಾಗಿ ಕಾಳಾಗುತ್ತದೆ. ಹತ್ತಿರ ನಿಂತರೆ ಆಗಲೂ ಬರೀ ಕಾಳೇ. ಆದರೆ ದೊಡ್ಡ ಫ್ಲೆಕ್ಸನ್ನು ಯಾರೂ ಹತ್ತಿರ ನಿಂತು ನೋಡುವುದಿಲ್ಲ. ಮೂವತ್ತು ಅಡಿ ಆಚೆ ಹೋದರೆ ಕಾಳೆಲ್ಲ ಕೂಡಿ ಮುಖವಾಗುತ್ತದೆ. ಈ ಮಾತು ನನಗೆ ಚೆನ್ನಾಗಿ ಗೊತ್ತಿತ್ತು, ಬೇರೆಯವರಿಗೂ ಹೇಳಿಕೊಡುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಕ್ಯಾಮೆರಾ, ಸ್ಟ್ಯಾಂಡು ಹೊತ್ತು ಹಾರೋಹಳ್ಳಿಗೆ ಹೋದೆ. ಅಷ್ಟು ಜನ ನಿಲ್ಲುವ ಜಾಗ ಕಾರ್ಖಾನೆಯಲ್ಲಿ ಇದ್ದುದು ಬಾಯ್ಲರ್ ಮನೆಯ ಮುಂದಿನ ಅಂಗಳ ಒಂದೇ. ಬಟ್ಟೆ ಬೇಯಿಸುವ ತೊಟ್ಟಿಗಳಿಗೆ ಆವಿ ಕೊಡುವ ಬಾಯ್ಲರ್ ಅದು. ಎಲ್ಲಿಂದಲೋ ತಂದ ಹಳೆಯದು, ಮೇಲೆ ಮಾತ್ರ ಹೊಸ ಬಣ್ಣ ಬಳಿದಿದ್ದರು. ಬಾಯ್ಲರ್ ಮನೆಗೆ ಮುಂದೆ ಗೋಡೆಯಿಲ್ಲ. ಪಕ್ಕದ ಗೋಡೆ ಅಂಗಳಕ್ಕೆ ಅಂಟಿಕೊಂಡಿತ್ತು. ಆ ಗೋಡೆ ಯಾವಾಗಲೂ ಬೆಚ್ಚಗಿರುತ್ತದೆ, ಚಳಿಗಾಲದಲ್ಲಿ ನಾವು ಹನ್ನೊಂದು ಜನ ಅದಕ್ಕೇ ಒರಗಿಕೊಂಡು ಊಟ ಮಾಡುತ್ತೇವೆ ಅಂತ ಅಕ್ಕ ಬಂದ ತಕ್ಷಣ ತೋರಿಸಿದಳು. ನಾನೂ ಬೆನ್ನು ತಾಗಿಸಿ ನೋಡಿದೆ. ಬಾಣಂತಿ ಕೋಣೆಯ ಹಾಗೆ ಹಿತವಾಗಿತ್ತು. ಒಳಗೆ ಏನೋ ಸಣ್ಣಗೆ ನಡುಗುತ್ತಿರುವುದು ಬೆನ್ನಿಗೆ ಗೊತ್ತಾಗುತ್ತಿತ್ತು.

ಎಲ್ಲರನ್ನೂ ಬೆಂಚುಗಳ ಮೇಲೆ ಸಾಲಾಗಿ ನಿಲ್ಲಿಸಿದರೂ ಬಾಯ್ಲರ್ ನೋಡಿಕೊಳ್ಳುವ ಮಾದಣ್ಣ ಮಾತ್ರ ಗುಂಪಿಗೆ ಬರಲಿಲ್ಲ. ಕೋಡಿಹಳ್ಳಿ ಕಡೆಯವನು, ಐವತ್ತರ ಆಸುಪಾಸು, ಒಣಕಲು ಮೈ. ಬಿಟ್ಟು ಬರುವ ಹಾಗಿಲ್ಲ ಎಂದು ಬಾಯ್ಲರ್ ಪಕ್ಕದಲ್ಲೇ, ಬಲತುದಿಯಲ್ಲಿ ನಿಂತ. ಕ್ಯಾಮೆರಾದಲ್ಲಿ ನೋಡುವಾಗ ಅವನ ತಲೆಯ ಮೇಲುಗಡೆ ಒಂದು ಕೆಂಪು ಬಟ್ಟೆಯ ಗಂಟು ಕಣ್ಣಿಗೆ ಬಿತ್ತು. ಬಾಯ್ಲರ್ ನೆತ್ತಿಯಿಂದ ಹೊರಚಾಚಿದ ಒಂದು ಕಬ್ಬಿಣದ ಕಡ್ಡಿಗೆ ತಂತಿಯಲ್ಲಿ ಕಟ್ಟಿ ನೇತುಹಾಕಿದ್ದರು. ಅರಿಶಿನ, ಕುಂಕುಮ, ಒಣಗಿದ ಚೆಂಡು ಹೂವು. ಅಷ್ಟು ಕೆಂಪು ಬಣ್ಣ ಫೋಟೋದಲ್ಲಿ ಎದ್ದು ಕಾಣುತ್ತದಲ್ಲ ಅಂತ ಏನದು ಎಂದು ಕೇಳಿದೆ.

ಅವನು ತಲೆಯೆತ್ತಿ ಗಂಟನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. “ದೃಷ್ಟಿದು ಕಣವ್ವ,” ಅಂದ. “ಅದ್ರ ಸುದ್ದಿಗೆ ಹೋಗ್ಬ್ಯಾಡ.”

ನಮ್ಮ ಕಡೆ ಲಾರಿಗೆ, ಪಂಪ್‌ಸೆಟ್ಟಿಗೆ, ರೇಷ್ಮೆ ಬಿಚ್ಚುವ ಯಂತ್ರಕ್ಕೆ, ಯಾವುದಕ್ಕೆ ಕಟ್ಟುವುದಿಲ್ಲ ಹೇಳಿ. ಕೆಂಪು ಬಟ್ಟೆಯಲ್ಲಿ ತೆಂಗಿನಕಾಯಿ ಸುತ್ತಿ ಆಯುಧಪೂಜೆಗೆ ಕಟ್ಟಿದರೆ ಮುಂದಿನ ಆಯುಧಪೂಜೆಯ ತನಕ ಅದು ಅಲ್ಲೇ ಇರುತ್ತದೆ. ಬಿಚ್ಚುವುದಿರಲಿ, ಬೆರಳು ಸೋಕಿಸುವುದಕ್ಕೂ ಜನ ಹೆದರುತ್ತಾರೆ. ನಾನೂ ಅಷ್ಟೇ. ಸುಮ್ಮನೆ ಐದು ಫೋಟೋ ತೆಗೆದುಕೊಂಡು ಬಸ್ಸು ಹತ್ತಿದೆ.

ಆ ದಿನ ಸಂಜೆಯೊಳಗೆ ಐದನ್ನೂ ಹೊಲಿದೆ. ಪೂರ್ತಿ ಫ್ಲೆಕ್ಸ್ ಹೊಡೆಯುವ ಮೊದಲು, ಅತಿ ಕಷ್ಟದ ಭಾಗದ ಒಂದು ಪಟ್ಟಿಯನ್ನು ನಿಜವಾದ ಅಳತೆಯಲ್ಲೇ ಮುದ್ರಿಸಿ ನೋಡುವುದು ನಮ್ಮ ಪದ್ಧತಿ. ಈ ಫೋಟೋದಲ್ಲಿ ಬಾಯ್ಲರ್ ಮನೆಯ ಕಡೆ ನೆರಳು ಜಾಸ್ತಿ. ನೆರಳಿನಲ್ಲೇ ಡಿಜಿಟಲ್ ಫೋಟೋದ ಬಣ್ಣ ಕದಡಿ ಮರಳು ಮರಳಾಗುವುದು. ಹಾಗಾಗಿ ಬಲತುದಿಯಿಂದ ಮೂರಡಿ ಅಗಲದ ಒಂದು ಪಟ್ಟಿ ಮುದ್ರಿಸಿ, ಬುಧವಾರ ಬೆಳಿಗ್ಗೆ ಅಂಗಡಿಯ ಮುಂದಿನ ಕಬ್ಬಿಣದ ಚೌಕಟ್ಟಿಗೆ ಕಟ್ಟಿದೆ. ನೆರಳು ಕಪ್ಪಾಗಿದೆಯೋ ನೀಲಿಗೆ ತಿರುಗಿದೆಯೋ ಅಂತಷ್ಟೇ ನೋಡಿ ಒಳಗೆ ಬಂದು ಕೂತೆ.

ಅಷ್ಟರಲ್ಲಿ ಪ್ರಭಾಕರ್ ಅವರಿಂದ ಮೇಲ್ ಬಂದಿತ್ತು. ಬಹಳ ಮರ್ಯಾದಸ್ಥರು, ಏನೇನು ಅಳಿಸಬೇಕೆಂದು ನಂಬರ್ ಹಾಕಿ ಬರೆದಿದ್ದರು. ಒಂದು, ಒಣಹಾಕಿದ ಟವೆಲ್. ಎರಡು, ಗೋಡೆಯ ನೀರಿನ ಕರೆ. ಮೂರು, ಮುರಿದ ಬಕೆಟ್. ನಾಲ್ಕು, ಬಾಯ್ಲರ್ ಮೇಲಿನ ಕೆಂಪು ಗಂಟು. ಹೊರದೇಶದವರಿಗೆ ಅದು ಮಾಟಮಂತ್ರದ ಹಾಗೆ ಕಾಣಬಹುದು ಎಂದೂ ಸೇರಿಸಿದ್ದರು.

ಟವೆಲ್, ಕರೆ, ಬಕೆಟ್ ಮೂರೂ ಕಾಲು ಗಂಟೆಯ ಕೆಲಸ. ಗಂಟು ಮಾತ್ರ ಒಂದು ಗಂಟೆ ಹಿಡಿಯಿತು. ಅದು ಹೋದ ಜಾಗದಲ್ಲಿ ಕಡ್ಡಿ ಮುಂದುವರಿಯಬೇಕಲ್ಲ. ಎಡಗಡೆಯ ಕಡ್ಡಿಯ ತುಂಡನ್ನು ತಂದು ಬಲಗಡೆಗೆ ಜೋಡಿಸಿದೆ. ತುದಿಯಲ್ಲಿ ಮೊದಲೇ ಒಂದು ಕಬ್ಬಿಣದ ಗುಂಡಿತ್ತು, ಅದಕ್ಕೆ ಸೇರಿಸಿದೆ. ಚಿತ್ರವನ್ನು ಪರದೆಯಲ್ಲಿ ಎರಡರಷ್ಟು ದೊಡ್ಡದು ಮಾಡಿಕೊಂಡು ಒಂದೊಂದೇ ಚುಕ್ಕಿ ತಿದ್ದಿದೆ. ಅಷ್ಟು ಹೊತ್ತು ಆ ಗಂಟನ್ನೇ ದಿಟ್ಟಿಸಿ ನೋಡಿದವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಕಂಡಿದ್ದು ಕೆಂಪು ಚುಕ್ಕಿ, ಕಂದು ಚುಕ್ಕಿ, ಅಷ್ಟೇ. ಮುಗಿಸಿ ಸಣ್ಣ ಪ್ರತಿ ಕಳಿಸಿದೆ. ಹನ್ನೆರಡೂ ಕಾಲಿಗೆ, ತುಂಬಾ ಚೆನ್ನಾಗಿದೆ, ಮುದ್ರಿಸಿ ಎಂದು ಉತ್ತರ ಬಂತು.

ಹನ್ನೆರಡೂವರೆಗೆ ಅಪ್ಪ ನನ್ನ ಊಟ ತಂದರು. ಅಪ್ಪ ಚನ್ನಪಟ್ಟಣದ ಒಂದು ರೇಷ್ಮೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಬಾಯ್ಲರ್ ಮುಂದೆ ಬೆಂದವರು. ಆ ಸದ್ದಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಕಣ್ಣು ಮಾತ್ರ ಹದ್ದಿನದು. ಡಬ್ಬಿ ಹಿಡಿದು ರಸ್ತೆ ದಾಟಬೇಕಾದವರು ಆಚೆ ಬದಿಯಲ್ಲೇ ನಿಂತುಬಿಟ್ಟಿದ್ದನ್ನು ಕಿಟಕಿಯಿಂದ ನೋಡಿದೆ. ಲಾರಿ ಹೋಯಿತು, ಬಸ್ಸು ಹೋಯಿತು, ಅಪ್ಪ ಕದಲಲಿಲ್ಲ. ನಾನು ಕರೆದರೂ ಕೇಳಿಸುವುದಿಲ್ಲ ಎಂದು ನಾನೇ ರಸ್ತೆ ದಾಟಿ ಹೋದೆ. ಅವರು ನೋಡುತ್ತಿದ್ದುದು ನಾನು ಕಟ್ಟಿದ್ದ ಪಟ್ಟಿಯನ್ನು.

“ಯಾವೂರ್ದು ಈ ಬಾಯ್ಲರು?”

ಭಾಗ್ಯಕ್ಕನ ಫ್ಯಾಕ್ಟರಿಯದು ಎಂದು ಬಲಗಿವಿಯ ಹತ್ತಿರ ಕೂಗಿ ಹೇಳಿದೆ.

“ಆ ಕಡ್ಡಿಗೆ ಏನೋ ಕಟ್ಟವ್ರಲ್ಲ, ಏನದು?”

ದೃಷ್ಟಿಗೆ ಕಟ್ಟಿದ ತೆಂಗಿನಕಾಯಿ ಅಂದೆ. ಅಪ್ಪ ಡಬ್ಬಿಯನ್ನು ನೆಲಕ್ಕಿಟ್ಟರು. “ತೆಂಗಿನ್ಕಾಯ್ಗೆ ಮೂಲೆ ಇರ್ತದೇನವ್ವ?”

ನಾನು ಅವರ ಪಕ್ಕ ನಿಂತು ನೋಡಿದೆ. ಅಂಗಡಿಯಿಂದ ನಲವತ್ತು ಅಡಿ ದೂರ. ಕಾಳುಗಳೆಲ್ಲ ಕೂಡಿಕೊಂಡಿದ್ದವು. ಬಾಯ್ಲರಿನ ಹಸಿ ಆವಿಗೆ ಕೆಂಪು ಬಟ್ಟೆ ಒದ್ದೆಯಾಗಿ ಒಳಗಿನ ವಸ್ತುವಿಗೆ ಅಂಟಿಕೊಂಡಿತ್ತು. ಒಂದು ಮೂಲೆ, ಅದರ ಪಕ್ಕ ಇನ್ನೊಂದು, ಕೆಳಗೊಂದು. ಗೂಡಿನ ಮಾರುಕಟ್ಟೆಯ ಮಗ್ಗುಲಲ್ಲಿ ಹುಟ್ಟಿ ಬೆಳೆದವಳು ನಾನು. ಆರು ಮೂಲೆಯ ತೂಕದ ಕಲ್ಲನ್ನು ಕಣ್ಣು ಮುಚ್ಚಿ ಮುಟ್ಟಿದರೂ ಹೇಳಬಲ್ಲೆ. ಅದು ಐದು ಕೆ.ಜಿ.ಯ ಕಬ್ಬಿಣದ ಕಲ್ಲು.

ಅದರ ಅರ್ಥ ಏನೆಂದು ನಮ್ಮ ಮನೆಯ ಮಕ್ಕಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಳೆಯ ಬಾಯ್ಲರಿನ ನೆತ್ತಿಯಲ್ಲಿ ಸೇಫ್ಟಿ ವಾಲ್ವ್ ಇರುತ್ತದೆ. ಅದನ್ನು ಅದುಮಿ ಹಿಡಿಯುವುದು ಒಂದು ಉದ್ದನೆಯ ಕಡ್ಡಿ, ಕಡ್ಡಿಯ ತುದಿಗೆ ಅಳೆದು ತೂಗಿ ಹಾಕಿದ ಗುಂಡು. ಒಳಗಿನ ಆವಿ ಮಿತಿ ಮೀರಿದರೆ ಆ ಗುಂಡನ್ನೇ ಎತ್ತಿಕೊಂಡು ಹೊರಗೆ ಹಾರಿಹೋಗುತ್ತದೆ, ಬಾಯ್ಲರ್ ಉಳಿಯುತ್ತದೆ. ಕಡ್ಡಿಗೆ ಇನ್ನೊಂದು ಭಾರ ಕಟ್ಟಿದರೆ ಆವಿಗೆ ದಾರಿಯಿಲ್ಲ. ಒಳಗೆ ಸೇರುತ್ತಲೇ ಹೋಗುತ್ತದೆ. ಆ ಕಡ್ಡಿ ಮುಟ್ಟಿದರೆ ಕೈ ಮುರಿಯುತ್ತೇನೆ ಅಂತ ಅಪ್ಪ ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದರು. ಅದೇ ಕಡ್ಡಿಯನ್ನು ಬೆಳಿಗ್ಗೆ ಒಂದು ಗಂಟೆ ಕೂತು ನನ್ನ ಕೈಯಾರೆ ಬರೆದಿದ್ದೆ, ಗುರುತು ಹಿಡಿದಿರಲಿಲ್ಲ.

ಗಡಿಯಾರ ಹನ್ನೆರಡೂ ಮುಕ್ಕಾಲು ತೋರಿಸುತ್ತಿತ್ತು. ಒಂದು ಗಂಟೆಗೆ ಊಟದ ಬೆಲ್ಲು. ಹನ್ನೊಂದು ಹೆಂಗಸರು ಆ ಬೆಚ್ಚಗಿನ ಗೋಡೆಗೆ ಒರಗಿ ಕೂರುತ್ತಾರೆ, ಅವರಲ್ಲಿ ಒಬ್ಬಳು ನನ್ನ ಅಕ್ಕ.

ಒಳಗೆ ಓಡಿ ಪ್ರಭಾಕರ್ ಅವರಿಗೆ ಫೋನ್ ಮಾಡಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಅದು ಪೂಜೆಯದು ಮೇಡಂ, ನಮ್ಮ ಹುಡುಗರ ನಂಬಿಕೆ, ಅದಕ್ಕೆ ನಾವು ಕೈ ಹಾಕುವುದಿಲ್ಲ ಎಂದು ನಯವಾಗಿ ಹೇಳಿದರು. ಅದು ತೂಕದ ಕಲ್ಲು ಎಂದೆ. ಫೋಟೋ ನೋಡಿ ಬಾಯ್ಲರ್ ಪರೀಕ್ಷೆ ಮಾಡುತ್ತೀರಾ ಎಂದು ನಕ್ಕು, ಮೀಟಿಂಗಿದೆ ಎಂದು ಇಟ್ಟುಬಿಟ್ಟರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಕ್ಕನ ಹತ್ತಿರ ಮೊಬೈಲ್ ಇರಲಿಲ್ಲ. ಗೇಟಿನ ನಂಬರಿಗೆ ಮಾಡಿ, ಮನೆಯಲ್ಲಿ ಅಪ್ಪನಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ಅಕ್ಕನನ್ನು ಕರೆಸಿದೆ. ಅವಳು ಬಂದು ಫೋನ್ ಹಿಡಿಯುವ ಹೊತ್ತಿಗೆ ಒಂದಕ್ಕೆ ಐದು ನಿಮಿಷ.

ಏನು ಹೇಳಿದೆ ಎಂಬುದು ಒಂದಕ್ಷರ ಬಿಡದೆ ನೆನಪಿದೆ. “ಅಕ್ಕ, ಯಾರೂ ಆ ಗೋಡೆ ತಾವ ಕೂರ್ಬೇಡಿ. ಎಲ್ರುನೂ ಗೇಟ್ ತಾವ ಕರ್ಕೊಂಬಾ. ಆ ಕೆಂಪು ಗಂಟಲ್ಲಿರೋದು ಕಬ್ಬಿಣದ ಕಲ್ಲು. ಮಾದಣ್ಣಂಗೆ ಹೇಳು, ಈಗ್ಲೇ ಅದ ತೆಗೀಲಿ.”

ಅಕ್ಕ ಹೂಂ ಎಂದು ಫೋನಿಟ್ಟಳು. ಅಪ್ಪನಿಗೆ ನನ್ನ ಮಾತು ಕೇಳಿಸಿರಲಿಲ್ಲ. ಏನು ಹೇಳಿದೆ ಎಂದು ಕೇಳಿದರು. ಗಂಟು ತೆಗೆಸಲು ಹೇಳಿದೆ ಎಂದು ಕೂಗಿದೆ.

ಅಪ್ಪನ ಮುಖ ಕಪ್ಪಿಟ್ಟಿತು. “ಮದ್ಲು ಬೆಂಕಿ ಎಳ್ದಾಕಕ್ಕೆ ಹೇಳ್ದ್ಯಾ?”

ಹೇಳಿರಲಿಲ್ಲ. ಒಲೆಯ ಬೆಂಕಿ ಎಳೆದು ಹಾಕಬೇಕು, ಪ್ರೆಷರ್ ಗೇಜಿನ ಮುಳ್ಳು ಕೆಳಗೆ ಇಳಿಯುವ ತನಕ ಕಾಯಬೇಕು, ಆಮೇಲೆ ಭಾರ ತೆಗೆಯಬೇಕು. ಅದುಮಿಟ್ಟ ಆವಿ ಹಿಂದೆ ಕಾದು ಕೂತಿರುವಾಗ ಭಾರವನ್ನು ಒಮ್ಮೆಲೆ ಎತ್ತಿದರೆ, ಎತ್ತಿದವನ ಮುಖದ ಮೇಲೇ ಅದು ಬರುತ್ತದೆ. ಅಪ್ಪ ಇದನ್ನು ಹೇಳಿ ಮುಗಿಸುವ ಮುಂಚೆ ನಾನು ಗೇಟಿನ ನಂಬರ್ ಒತ್ತುತ್ತಿದ್ದೆ. ಎಂಗೇಜ್. ಮತ್ತೆ ಎಂಗೇಜ್. ಆಮೇಲೆ ಫೋನ್ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಪರದೆಯ ಮೇಲೆ ಗಂಟಿಲ್ಲದ ಬಾಯ್ಲರ್ ಹಾಗೇ ಇತ್ತು, ಶುಭ್ರವಾಗಿ. ಬೆಳಿಗ್ಗೆ ನಾನು ಮಾಡಿದ್ದನ್ನೇ ಈಗ ಮಾದಣ್ಣನಿಗೂ ಮಾಡು ಅಂತ ಹೇಳಿದ್ದೆ.

ಪಟ್ಟಿಯನ್ನು ಸುತ್ತಿಕೊಂಡು, ಅಪ್ಪನನ್ನು ಕೂರಿಸಿಕೊಂಡು ಆಟೋದಲ್ಲಿ ಹಾರೋಹಳ್ಳಿಗೆ ಹೊರಟೆ. ಮುಕ್ಕಾಲು ಗಂಟೆಯ ದಾರಿ. ಹೋಗಿ ಇಳಿದಾಗ ಕಾರ್ಖಾನೆಯಲ್ಲಿ ಸದ್ದೇ ಇರಲಿಲ್ಲ. ಹೆಂಗಸರೆಲ್ಲ ಊಟದ ಡಬ್ಬಿಯನ್ನು ತೆರೆಯದೆ ಮಡಿಲಲ್ಲಿಟ್ಟುಕೊಂಡು ಗೇಟಿನ ಹೊರಗೆ ಕೂತಿದ್ದರು. ಅಕ್ಕ ನನ್ನನ್ನು ಕಂಡು ಎದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಅವಳನ್ನು ತಬ್ಬಿಕೊಂಡೆ.

ಅವಳು ಹೇಳಿದ್ದು ಇಷ್ಟು. ಹೆಂಗಸರನ್ನೆಲ್ಲ ಗೇಟಿನ ಕಡೆ ಕಳಿಸಿ, ಅವಳು ಬಾಯ್ಲರ್ ಮನೆಯ ಮುಂದೆ ನಿಂತು ಮಾದಣ್ಣನಿಗೆ ನನ್ನ ಮಾತು ತಲುಪಿಸಿದಳು. ಅವನು ಒಮ್ಮೆ ತಲೆಯೆತ್ತಿ ಗಂಟನ್ನು ನೋಡಿದನಂತೆ. ಆಮೇಲೆ ಅವಳಿಗೆ ದೂರ ಹೋಗಲು ಹೇಳಿ, ಏಣಿ ಹತ್ತಿ ತಂತಿ ಕತ್ತರಿಸಿದ. ಬೆಟ್ಟ ಸೀಳಿದ ಹಾಗೆ ಸದ್ದು. ಅಂಗಳವೆಲ್ಲ ಬೆಳ್ಳಗಾಗಿ ಏನೂ ಕಾಣಿಸಲಿಲ್ಲ. ಬೆಳ್ಳಗಿದ್ದದ್ದು ಇಳಿದಾಗ ಅವನು ಏಣಿಯ ಬುಡದಲ್ಲಿದ್ದ. ಕಂಪನಿಯ ವ್ಯಾನಿನಲ್ಲಿ ಕನಕಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

ಅಪ್ಪ ಯಾರನ್ನೂ ಕೇಳದೆ ಒಳಗೆ ನಡೆದರು. ನಾನೂ ಹಿಂದೆ ಹೋದೆ. ನೆಲದ ಮೇಲೆ ಒದ್ದೆ ಕೆಂಪು ಬಟ್ಟೆ, ಕಿವುಚಿದ ಹೂವು, ಆರು ಮೂಲೆಯ ಕಲ್ಲು. ಅಪ್ಪ ಬಾಯ್ಲರಿನ ಹೊಟ್ಟೆಯ ತಗಡನ್ನು ಅಂಗೈಯಿಂದ ಮುಟ್ಟದೆ, ಬಗ್ಗಿ ಪಕ್ಕದಿಂದ ನೋಡಿದರು. ಒಂದು ಕಡೆ ಅದು ಊದಿಕೊಂಡಿತ್ತು. ನನ್ನನ್ನು ಕರೆದು ತೋರಿಸಿದರು. ಅದು ಆ ದಿನ ಒಡೆಯುತ್ತಿತ್ತೋ, ಆರು ತಿಂಗಳಿಗೋ, ಒಡೆಯುತ್ತಲೇ ಇರಲಿಲ್ಲವೋ, ಯಾರೂ ಹೇಳಲಾರರು. ಊದಿದ ಭಾಗ ಇದ್ದುದು ಹೆಂಗಸರು ಒರಗುತ್ತಿದ್ದ ಗೋಡೆಯ ಕಡೆಗೆ.

ಎರಡು ದಿನ ಬಿಟ್ಟು, ಶುಕ್ರವಾರ ಪ್ರಭಾಕರ್ ಫೋನ್ ಮಾಡಿದರು. ಅದೇ ಮರ್ಯಾದೆಯ ದನಿ. ಬಾಯ್ಲರ್ ನೋಡಿಕೊಳ್ಳುವವನ ತಪ್ಪಿನಿಂದ ಪೈಪು ಒಡೆದು ಸಣ್ಣ ಅಪಘಾತವಾಯಿತು, ಗಂಟು ಗಿಂಟು ಏನೂ ಇರಲಿಲ್ಲ, ತನಿಖೆಯವರಿಗೂ ಹಾಗೇ ಬರೆದುಕೊಟ್ಟಿದ್ದೇವೆ ಅಂದರು. ಫ್ಲೆಕ್ಸ್ ಸೋಮವಾರದೊಳಗೆ ಗೋಡೆಗೆ ಏರಬೇಕು. ಇನ್ನೊಂದೇ ಒಂದು ತಿದ್ದುಪಡಿ.

“ಬಲಗಡೆ ತುದೀಲಿ ಒಬ್ಬರು ನಿಂತಿದ್ದಾರಲ್ಲ ಮೇಡಂ, ಅವರನ್ನೂ ತೆಗೆದುಬಿಡಿ. ನೋಡಿದವರು ಸುಮ್ನೆ ಕೇಳ್ತಾರೆ.”

ಇಲ್ಲಿ ನಾನು ಸುಳ್ಳು ಹೇಳಬಾರದು. ಆಗಲಿ ಎಂದುಬಿಟ್ಟೆ. ಹೆದರಿದ್ದೆ. ಅಕ್ಕ ಇನ್ನೂ ಅಲ್ಲೇ ಕೆಲಸದಲ್ಲಿದ್ದಳು. ಫೈಲ್ ತೆರೆದೆ. ಮಾದಣ್ಣನ ಹಿಂದೆ ಇದ್ದುದು ಬೋಳು ಗೋಡೆ, ಅಳಿಸಲು ಹತ್ತು ನಿಮಿಷವೂ ಬೇಡ. ಬ್ರಷ್ ತೆಗೆದುಕೊಂಡು ಅವನ ಭುಜದ ಪಕ್ಕದ ಗೋಡೆಯನ್ನು ಎತ್ತಿಕೊಂಡು ಕಿವಿಯ ಮೇಲೆ ಇಟ್ಟೆ. ಕಿವಿ ಹೋಯಿತು. ಅಷ್ಟು ಸಲೀಸಾಗಿ. ಆಸ್ಪತ್ರೆಯಲ್ಲಿ ಅವನ ಬಲಗಿವಿ ನಿಜವಾಗಿಯೂ ಹೋಗಿದೆ ಎಂದು ಹಿಂದಿನ ದಿನವೇ ಅಕ್ಕ ಹೇಳಿದ್ದಳು. ಮೌಸ್ ಬಿಟ್ಟು ಎದ್ದು, ಹೊರಗೆ ರಸ್ತೆ ಬದಿಗೆ ಹೋಗಿ ನಿಂತೆ.

ವಾಪಸು ಬಂದು ಆ ಒಂದು ಅಳಿಸುವಿಕೆಯನ್ನು ರದ್ದು ಮಾಡಿದೆ. ಫ್ಲೆಕ್ಸ್ ಹೊಡೆಯುವುದಿಲ್ಲ ಎಂದು ಪ್ರಭಾಕರ್ ಅವರಿಗೆ ಎರಡು ಸಾಲು ಮೇಲ್ ಬರೆದೆ. ತೆಗೆದ ಮೂಲ ಫೋಟೋವನ್ನು ನಾನು ಯಾವತ್ತೂ ಅಳಿಸುವವಳಲ್ಲ, ಈ ಕೆಲಸದಲ್ಲಿ ಅದೊಂದು ಒಳ್ಳೆಯ ಚಾಳಿ ನನಗಿತ್ತು. ಐದೂ ಫೋಟೋಗಳನ್ನು ಸಿ.ಡಿ.ಗೆ ಹಾಕಿದೆ. ಡಿಜಿಟಲ್ ಫೋಟೋದಲ್ಲಿ ತೆಗೆದ ದಿನ, ಗಂಟೆ, ನಿಮಿಷ ಒಳಗೇ ಬರೆದಿರುತ್ತದೆ. ಕೊನೆಯ ಫೋಟೋದಲ್ಲಿ ಮಾದಣ್ಣನೂ ಇದ್ದ, ಗಂಟೂ ಇತ್ತು, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಜೊತೆಗೆ ಏನೇನು ಅಳಿಸಬೇಕೆಂದು ಪ್ರಭಾಕರ್ ಕಳಿಸಿದ್ದ ಮೇಲನ್ನೂ ಮುದ್ರಿಸಿದೆ. ಇರಲೇ ಇಲ್ಲ ಎಂದು ಅವರು ಬರೆದುಕೊಟ್ಟ ಗಂಟನ್ನು ಅಳಿಸು ಎಂದು ಅವರೇ ನಾಲ್ಕನೇ ನಂಬರಿನಲ್ಲಿ ಬರೆದಿದ್ದರು. ಎಲ್ಲವನ್ನೂ ತನಿಖೆಯ ಅಧಿಕಾರಿಯ ಕಚೇರಿಗೆ ಒಯ್ದು ಕೊಟ್ಟೆ. ಅವರು ಆ ಮೇಲನ್ನು ಎರಡು ಸಲ ಓದಿದರು. ಆಮೇಲೆ ನಾನು ಸುತ್ತಿಕೊಂಡು ಹೋಗಿದ್ದ ಮೂರಡಿಯ ಪಟ್ಟಿಯನ್ನು ಕಚೇರಿಯ ಉದ್ದದ ಪಡಸಾಲೆಯಲ್ಲಿ ಹಿಡಿಸಿ, ಆ ತುದಿಗೆ ಹೋಗಿ ನಿಂತು ನೋಡಿದರು. ಕಾರ್ಖಾನೆ ನಾಲ್ಕು ತಿಂಗಳು ಮುಚ್ಚಿತು. ಮಾದಣ್ಣನ ತಪ್ಪು ಎಂದು ಬರೆದಿದ್ದು ಬದಲಾಯಿತು. ಅಕ್ಕನಿಗೆ ಅಲ್ಲಿ ಮತ್ತೆ ಕೆಲಸ ಸಿಗಲಿಲ್ಲ, ಅದಕ್ಕೆ ಅವಳು ನನ್ನನ್ನು ಒಂದು ದಿನವೂ ಬೈಯಲಿಲ್ಲ.

ಮುಂದಿನ ವರ್ಷ ಒಂದು ಮಧ್ಯಾಹ್ನ ಮಾದಣ್ಣ ಅಂಗಡಿಗೆ ಬಂದ. ಯಾವುದೋ ಅರ್ಜಿಗೆ ಎರಡು ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕಿತ್ತಂತೆ. ಬಲಗೆನ್ನೆಯಿಂದ ಕುತ್ತಿಗೆಯ ತನಕ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಬಲಗಣ್ಣು ಅರ್ಧ ಮುಚ್ಚಿತ್ತು. ಕೂರಿಸಿ ಫೋಟೋ ತೆಗೆದೆ. ಅವನು ನನ್ನ ಕುರ್ಚಿಯ ಹಿಂದೆ ಬಂದು ನಿಂತ. ಬೆಂಕಿ ಎಳೆಯಲು ಹೇಳದೆ ತೆಗೆಯಲು ಹೇಳಿದ್ದು ನಾನೇ ಎಂದು ಅಲ್ಲಿಯವರೆಗೂ ಅವನಿಗೆ ಹೇಳಿರಲಿಲ್ಲ. ಮುಖ ತಿರುಗಿಸದೆ, ಪರದೆಯನ್ನೇ ನೋಡುತ್ತ ಹೇಳಿದೆ. ತಪ್ಪಾಯಿತು ಮಾದಣ್ಣ ಅಂದೆ.

“ಬೆಂಕಿ ಎಳೀಬೇಕು ಅಂತ ನಂಗೊತ್ತಿರ್ಲಿಲ್ವಾ ಕಣವ್ವ? ಅದು ಇಳಿಯಕ್ಕೆ ಅರ್ಧ ಗಂಟೆ ಬೇಕು. ಹೆಂಗುಸ್ರು ಉಣ್ಣಕ್ಕೆ ಬರೋ ಹೊತ್ತಾಗಿತ್ತು.”

ಹೆಂಗಸರನ್ನು ಅಕ್ಕ ಆಗಲೇ ಗೇಟಿಗೆ ಕಳಿಸಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲವೋ, ನನ್ನ ಸಮಾಧಾನಕ್ಕೆ ಹೀಗೆ ಹೇಳಿದನೋ, ಇವತ್ತಿಗೂ ನನಗೆ ತಿಳಿದಿಲ್ಲ. ಉಳಿದದ್ದನ್ನೂ ಅವನೇ ಹೇಳಿದ. ವಾಲ್ವ್ ಸವೆದು ಸುಮ್ಮನೆ ಆವಿ ಸೋರುತ್ತಿತ್ತು. ಏನಾದರೂ ಮಾಡಿ ಆವಿ ಹಿಡಿ, ಇಲ್ಲ ಅಂದ್ರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂತ ಕಾರ್ಖಾನೆಯವರು ಅಂದರಂತೆ. ತಪಾಸಣೆಗೆ ಬಂದವರ ಕಣ್ಣಿಗೆ ಬೀಳಬಾರದೆಂದು ಕಲ್ಲಿಗೆ ಕೆಂಪು ಬಟ್ಟೆ ಸುತ್ತಿದ. ಹದಿನಾಲ್ಕು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ. ಕೆಲವರು ಕೈ ಮುಗಿದು ಹೋದರು.

“ಮರೆಮಾಚಕ್ಕೆ ಅಂತ ಕಟ್ದೆ. ಶುಕ್ರವಾರ ಶುಕ್ರವಾರ ಕುಂಕುಮ ಇಕ್ಕಿ ಇಕ್ಕಿ, ಕಡೇಗೆ ಅದೇ ನಮ್ಮ ಕಾಯ್ತಾ ಐತೆ ಅನ್ನಿಸ್ಬುಡ್ತು ಕಣವ್ವ.”

ನಾನು ಕೆಲಸ ಮುಂದುವರಿಸಿದೆ. ಬೆಳಕು ಸರಿ ಮಾಡಿದೆ, ಅಂಚು ಕತ್ತರಿಸಿದೆ. ಕೈ ತನ್ನ ಪಾಡಿಗೆ ತಾನು ಬ್ರಷ್ ತೆಗೆದುಕೊಂಡು ಅವನ ಬಲಗೆನ್ನೆಯ ಹತ್ತಿರ ಹೋಯಿತು. ಸುಟ್ಟ ಗಾಯವಿದ್ದರೆ ನಾವು ಯಾರನ್ನೂ ಕೇಳುವುದಿಲ್ಲ, ತಿಳಿಯಾಗಿಸಿಬಿಡುತ್ತೇವೆ, ಅದೇ ಒಳ್ಳೆಯತನ ಅಂದುಕೊಂಡಿರುತ್ತೇವೆ. ಹಿಂದಿನಿಂದ ಅವನು ನನ್ನ ಕುರ್ಚಿಯನ್ನು ಮೆಲ್ಲಗೆ ತಟ್ಟಿದ.

“ಇದ್ದಂಗೇ ಇರ್ಲಿ ಬುಡು. ಅಷ್ಟು ತಿಂಗ್ಳಲ್ಲಿ ಅದೇನು ಅಂತ ಕೇಳ್ದೋಳು ನೀನೊಬ್ಳೆಯ. ನಿಂಗೆ ಸುಳ್ಳೇಳ್ಬುಟ್ಟೆ. ಇದ ನೋಡಿ ಯಾರಾರ ಕೇಳ್ಲಿ, ದಿಟ ಹೇಳ್ತೀನಿ.”

ಆಮೇಲೂ ನಾನು ಎಷ್ಟೋ ವರ್ಷ ಆ ಅಂಗಡಿಯಲ್ಲಿ ಅಳಿಸಿದೆ. ಅಳಿಸುವುದೇ ಕೆಲಸವಾದ ಮೇಲೆ ಬಿಡಲಾಗುತ್ತದೆಯೇ. ಆದರೆ ಯಾರು ಬಂದು ಇದನ್ನು ತೆಗಿ ಅಂದರೂ, ಇದೇನು, ಇದರ ಹಿಂದೆ ಏನಿದೆ ಅಂತ ಮೊದಲು ಕೇಳುವುದನ್ನು ರೂಢಿ ಮಾಡಿಕೊಂಡೆ. ಉತ್ತರ ಬಂದ ಮೇಲೂ ಒಮ್ಮೆ ಎದ್ದು ಹೋಗಿ ರಸ್ತೆಯ ಆಚೆ ಬದಿಯಿಂದ ನೋಡುತ್ತಿದ್ದೆ. ಇವಳಿಗೆ ತಲೆಕೆಟ್ಟಿದೆ ಅಂತ ಬೈದುಕೊಂಡು ಬೇರೆ ಅಂಗಡಿಗೆ ಹೋದವರೂ ಇದ್ದಾರೆ. ಹೋಗಲಿ ಬಿಡಿ.

ಆ ಮಧ್ಯಾಹ್ನ ಮಾದಣ್ಣನ ಎರಡು ಫೋಟೋಗಳನ್ನು ಕತ್ತರಿಸಿ, ಕವರಿಗೆ ಹಾಕಿ ಅವನ ಕೈಗೆ ಕೊಟ್ಟೆ. ಎರಡರಲ್ಲೂ ಸುಟ್ಟ ಕೆನ್ನೆ ಇದ್ದ ಹಾಗೆಯೇ ಇತ್ತು.